‘ಕ್ಯಾರಿಯಿಂಗ್ ಕೆಪಾಸಿಟಿ’ಗೆ ‘ಧಾರಣಾ ಸಾಮರ್ಥ್ಯ’ ಒಪ್ಪೀತೇ?

ಬಲ್ಲವರಿಗೆ ನಮಸ್ಕಾರ.

ಜನಸಂಖ್ಯೆ ಮತ್ತು ಪರಿಸರದ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಪುಟ್ಟ ಪುಸ್ತಿಕೆಯೊಂದನ್ನು ಕನ್ನಡಿಸುತ್ತಿದ್ದೇನೆ. ‘ಕ್ಯಾರಿಯಿಂಗ್ ಕೆಪಾಸಿಟಿ’ ಹತ್ತಿರ ಗಾಡಿ ನಿಂತಿದೆ. ಒಂದು ನೆಲ ತಾನು ಹಾಳಾಗದೆ ಎಷ್ಟು ಜೀವಗಳನ್ನು ಸಾಕಬಲ್ಲದು ಎಂಬ ಲೆಕ್ಕ ಅದು. ‘ಧಾರಣಾ ಸಾಮರ್ಥ್ಯ’ ಎಂದು ಬರೆಯುವ ರೂಢಿಯಿದೆ, ನಾನೂ ಹಾಗೇ ಬರೆದೆ. ಕರಡನ್ನು ಊರಲ್ಲಿ ಚಿಕ್ಕಪ್ಪನಿಗೆ ಓದಿ ಹೇಳಿದರೆ, ‘ಏನು, ಜಾಗದ ಧಾರಣೆ ಏರಿದೆ ಅಂತಲೋ?’ ಎಂದರು. ಅಡಿಕೆ ಬೆಳೆಯುವವರು, ಸಾಗರ, ಶಿರಸಿ ಕಡೆ ಧಾರಣೆ ಎಂದರೆ ಪೇಟೆಯ ರೇಟು, ಅಷ್ಟೇ.

ಇಂಗ್ಲಿಷಿನ ಆ ಪದ ಹತ್ತೊಂಬತ್ತನೇ ಶತಮಾನದಲ್ಲಿ ಹಡಗಿನ ಸರಕಿನ ಲೆಕ್ಕದಿಂದ ಹೊರಟು, ಹುಲ್ಲುಗಾವಲಿನ ದನಕರುಗಳಿಗೆ ಬಂದು, ಆಮೇಲೆ ಮನುಷ್ಯರಿಗೆ ಅಂಟಿದ್ದು. ಹುಲ್ಲುಗಾವಲಿನ ಲೆಕ್ಕ ನಮ್ಮಲ್ಲೂ ಇದೆ. ಕರ್ನಾಟಕ ಭೂಕಂದಾಯ ನಿಯಮಗಳು (1966) ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗೋಮಾಳ ಬಿಡಬೇಕು ಎನ್ನುತ್ತವೆ. ಲೆಕ್ಕವಿದೆ, ಹೆಸರಿಲ್ಲ. ಚಿಕ್ಕಪ್ಪನನ್ನೇ ಕೇಳಿದೆ: ‘ಈ ಬ್ಯಾಣ ಇಷ್ಟು ದನಕ್ಕೆ ತಡೆಯತ್ತೆ ಅಂತೇವಪ್ಪ’ ಎಂದರು. (ಬ್ಯಾಣ ಎಂದರೆ ಆ ಕಡೆ ದನ ಮೇಯುವ ಹುಲ್ಲುಬಯಲು.) ಚೆಂದದ ಮಾತು. ಆದರೆ ಪುಸ್ತಿಕೆಯಲ್ಲಿ ‘ಜನಸಂಖ್ಯಾ ತಡೆ’ ಎಂದು ಅಚ್ಚಾದರೆ ಕುಟುಂಬ ಯೋಜನೆಯ ಪಾಠವಾಗಿಬಿಡುತ್ತದೆ!

‘ತಾಳಿಕೆ’ ಆಗಬಹುದೇ? ‘ನೆಲದ ತಾಳಿಕೆ’ ಕಿವಿಗೆ ಹಿತವಾಗಿದೆ, ಆದರೆ ಬಟ್ಟೆ ಎಷ್ಟು ವರ್ಷ ಬಾಳುತ್ತದೆ ಎಂಬ ಅರ್ಥ ಇಣುಕುತ್ತದೆ. ನನ್ನ ಒಲವು ‘ಹೊರೆ’ಯ ಕಡೆ. ತಲೆ ಮೇಲಿನ ಭಾರವೂ ಹೊರೆ, ‘ಹೊಟ್ಟೆ ಹೊರೆಯುವುದು’ ಎನ್ನುವಾಗ ಪೋಷಣೆಯೂ ಅದೇ. ನೆಲ ಜನರನ್ನು ಹೊರುತ್ತದೆ, ಹೊರೆಯುತ್ತದೆ ಕೂಡ. ಹಾಗಾಗಿ ‘ಹೊರೆಬಲ’ ಎಂದು ಕಟ್ಟಿಕೊಂಡಿದ್ದೇನೆ. ಈ ಎರಡು ‘ಹೊರೆ’ಗಳ ಬೇರು ಒಂದೆಯೋ ಬೇರೆಯೋ, ಹಳಗನ್ನಡ ಬಲ್ಲವರು ಹೇಳಬೇಕು.

(‘ಸಸ್ಟೇನಬಲ್’ಗೆ ‘ಸಮರ್ಥನೀಯ’ ಎಂದು ಬರೆಯುವವರ ಮೇಲೆ ನನ್ನ ತಕರಾರು ಬೇರೆಯೇ ಇದೆ. ವಾದ ಮಾಡಿ ಸಮರ್ಥಿಸಿಕೊಳ್ಳಲಾಗದ ಅಭಿವೃದ್ಧಿ ಯಾವುದಿದೆ ಹೇಳಿ? ‘ಸುಸ್ಥಿರ’ ಹೇಗೂ ಬೇರೂರಿದೆ, ಅದನ್ನು ಕೆದಕುವುದಿಲ್ಲ.)

ಇನ್ನೂ ಒಂದು ತೊಡಕು ವಾಕ್ಯದ್ದು. ಗೋಮಾಳದ ದನ ಅಲ್ಲಿಯ ಹುಲ್ಲನ್ನೇ ಮೇಯುತ್ತದೆ. ಪಟ್ಟಣ ಹಾಗಲ್ಲ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ ಸುಮಾರು 65 ಲಕ್ಷ, 2011ರಲ್ಲಿ 96 ಲಕ್ಷ. 1890ರ ದಶಕದಲ್ಲಿ ಹೆಸರಘಟ್ಟದ ಕೆರೆ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸಾಕೆನಿಸಿದ್ದ ಊರಿಗೆ ಈಗ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ ಕಾವೇರಿ ನೀರನ್ನು ಮೇಲೆತ್ತಿ ತರುತ್ತಾರೆ. 2024ರಲ್ಲಿ ಐದನೇ ಹಂತವೂ ಶುರುವಾಯಿತು, ದಿನಕ್ಕೆ 775 ದಶಲಕ್ಷ ಲೀಟರ್. ಹೀಗಿರುವಾಗ ‘ಬೆಂಗಳೂರಿನ ಹೊರೆಬಲ’ ಎಂದರೆ ಬೆಂಗಳೂರಿನ ಬಲವೋ, ಕಾವೇರಿಯದೋ? ಮೂಲದಲ್ಲಿ ‘ಸಿಟೀಸ್ ಕ್ಯಾರಿಯಿಂಗ್ ಕೆಪಾಸಿಟಿ’ ಎಂದು ಸಲೀಸಾಗಿ ಬರೆದು ಮುಂದೆ ಹೋಗಿದ್ದಾರೆ. ಕನ್ನಡದಲ್ಲಿ ಆ ಷಷ್ಠಿ ವಿಭಕ್ತಿ ಸುಳ್ಳು ಹೇಳಿದಂತೆ ಕಾಣುತ್ತದೆ. ‘ಬೆಂಗಳೂರನ್ನು ಹೊರುವ ಬಲ’ ಎಂದು ತಿರುಗಿಸಿದರೆ ಮೂಲವನ್ನು ಮೀರಿದಂತಾಗುತ್ತದೆಯೇ?

ಬಯಲುಸೀಮೆ, ಉತ್ತರ ಕರ್ನಾಟಕದವರು ನಿಮ್ಮ ಕಡೆ ಕುರಿ ಮೇಯಿಸುವವರು ಒಂದು ಹುಲ್ಲುಗಾವಲು ಎಷ್ಟು ಕುರಿಗಳನ್ನು ಸಾಕಬಲ್ಲದು ಎಂಬುದಕ್ಕೆ ಏನಂತಾರೆ ತಿಳಿಸಿ.