ಕ್ಷೌರದ ಕತ್ತಿಗೆ ಕೊನೆಯ ಕಲ್ಲು: ಕೋಟಿಕ್ಯೂಲ್ ಇಟ್ಟುಕೊಳ್ಳಲೇ, ಬೂದು ಸ್ಲೇಟೇ?

ಕಕ್ಕಬ್ಬೆ ಮಳೆ:

ಎಲ್ಲರಿಗೂ ನಮಸ್ಕಾರ. ಕತ್ತಿ 5/8 ಅಂಗುಲ ಅಗಲದ ಫುಲ್ ಹಾಲೋ (ಎರಡು ಬದಿಯೂ ಒಳಕ್ಕೆ ತೋಡಿ ತೆಳುವಾಗಿಸಿದ್ದು), ಕಾರ್ಬನ್ ಸ್ಟೀಲು. 1000, 3000, 8000 ನಂಬರಿನ ಕೃತಕ ಕಲ್ಲುಗಳಲ್ಲಿ ಮಸೆದು, ಚರ್ಮದ ಪಟ್ಟಿಯಲ್ಲಿ 50 ಸಲ ಎಳೆದು ಬಳಸುತ್ತೇನೆ. ಕೆನ್ನೆಗೆ ತೊಂದರೆ ಇಲ್ಲ, ಕುತ್ತಿಗೆ ಉರಿಯುತ್ತದೆ. ಅದಕ್ಕೇ ಕೊನೆಯ ಹದಕ್ಕೊಂದು ನೈಸರ್ಗಿಕ ಕಲ್ಲು ಸೇರಿಸುವ ಯೋಚನೆ.

ನೋಡಿ ತೀರ್ಮಾನಿಸಲು ಎರಡು ಕಲ್ಲು ತರಿಸಿದ್ದೇನೆ, ತಿಂಗಳೊಳಗೆ ಒಂದನ್ನು ವಾಪಸು ಕೊಡಬಹುದು. ಒಂದು ಹಳದಿ ಕೋಟಿಕ್ಯೂಲ್, 150 ಮಿ.ಮೀ. ಉದ್ದ, 40 ಅಗಲ, ಕೆಳಗೆ ನೀಲಿ ಪದರ. ಇನ್ನೊಂದು ಚೀಟಿಯಿಲ್ಲದ ಹಸಿರು ಮಿಶ್ರಿತ ಬೂದು ಕಲ್ಲು. ಮಾರುವವರು ಅದನ್ನು "ಹಳೇ ಜರ್ಮನ್ ಕಲ್ಲು, 12000 ಗ್ರಿಟ್" ಎನ್ನುತ್ತಾರೆ. ಯಾವುದು ಒಳ್ಳೆಯದೆಂದು ಪರೀಕ್ಷಿಸುವುದು ಹೇಗೆ?

ಇನ್ನೊಂದು ವಿಷಯ. ಗಿಡ ಕಡಿಯುವ ಒಡಿಕತ್ತಿ ಮಸೆಯಲು ಹೊಳೆಕಲ್ಲು ಬಳಸುತ್ತೇವಲ್ಲ, ಅದರಲ್ಲೇ ನಯವಾದದ್ದನ್ನು ಹುಡುಕಿ ಸಮತಟ್ಟು ಮಾಡಿದರೆ ಕ್ಷೌರದ ಕತ್ತಿಗೆ ಆಗುತ್ತದೆಯೇ?

ಸಾಣೆಮನೆ:

ಮೊದಲು ಆ 12000 ಎನ್ನುವುದನ್ನು ತಲೆಯಿಂದ ತೆಗೆದುಹಾಕಿ. ಕೃತಕ ಕಲ್ಲಿನಲ್ಲಿ ಕಣಗಳನ್ನು ಗಾತ್ರ ನೋಡಿ ಬೇರ್ಪಡಿಸಿ ನಂಬರು (ಗ್ರಿಟ್) ಕೊಡುತ್ತಾರೆ, ನಂಬರು ಹೆಚ್ಚಿದಷ್ಟೂ ಕಣ ಸಣ್ಣದು. ನೆಲದಿಂದ ಅಗೆದ ಕಲ್ಲಿಗೆ ಅಂಥ ನಂಬರೇ ಇಲ್ಲ. ನಿಮ್ಮ ಕೋಟಿಕ್ಯೂಲನ್ನೇ ನೋಡಿ. ಬೆಲ್ಜಿಯಂನ ಆರ್ಡೆನ್ ಬೆಟ್ಟಸಾಲಿನ ವಿಯೆಲ್ಸಾಲ್ಮ್ ಸುತ್ತ ಸಿಗುವ ಆ ಕಲ್ಲಿನಲ್ಲಿ ಉಕ್ಕನ್ನು ಕೊರೆಯುವುದು ಗಾರ್ನೆಟ್ ಹರಳು, ಗಾತ್ರ ಸುಮಾರು 5ರಿಂದ 20 ಮೈಕ್ರಾನ್. ಬರೀ ಗಾತ್ರ ನೋಡಿದರೆ ನಿಮ್ಮ 8000ಕ್ಕಿಂತ ಒರಟು ಎನ್ನಬೇಕು. ಆದರೆ ಆ ಹರಳು ದುಂಡಗೆ, ಹಲವು ಮುಖದ್ದು. ಚೂಪು ಮೂಲೆ ಇಲ್ಲದ್ದರಿಂದ ಗೀರು ಆಳಕ್ಕಿಳಿಯುವುದಿಲ್ಲ, ಬಾಯಿ ನಯವಾಗಿ ಬರುತ್ತದೆ.

ಜರ್ಮನ್ ಎನ್ನುವ ಮಾತಿಗೂ ಪುರಾವೆ ಬೇಕು. ಜರ್ಮನಿಯ ಥುರಿಂಜಿಯಾದ ಸ್ಲೇಟು, ಅದರಲ್ಲೂ ಸೊನ್ನೆಬರ್ಗ್‌ನ ಎಶರ್ ಕಂಪನಿಯ ಚೀಟಿ ಇದ್ದದ್ದು, ಬೆಲೆ ಬಾಳುತ್ತದೆ. ಅದಕ್ಕೇ ಕಂಡ ಬೂದು ಕಲ್ಲಿಗೆಲ್ಲ ಆ ಹೆಸರು ಅಂಟುತ್ತದೆ. ಥುರಿಂಜಿಯಾದ್ದಾದರೆ ಪಕ್ಕದಲ್ಲಿ ಕಬ್ಬಿಣದ ಮೊಳೆಯಿಂದ ಗೀಚಿದಾಗ ಸುಲಭವಾಗಿ ಗೆರೆ ಬೀಳಬೇಕು, ಮೇಲ್ಮೈ ಕಡುಬೂದು ಇದ್ದರೂ ನೀರು ಹಾಕಿ ಉಜ್ಜಿದಾಗ ಏಳುವ ಕೆಸರು ತಿಳಿಬಿಳುಪಾಗಿ, ಮೈದಾ ಹಿಟ್ಟು ಕಲಸಿದಷ್ಟು ನುಣುಪಾಗಿ ಬರಬೇಕು. ಕೆಸರು ಕಡುಬೂದಾಗಿ, ಕಲ್ಲು ತುಂಬ ಗಟ್ಟಿಯಾಗಿ, ಎಷ್ಟು ಎಳೆದರೂ ಕೆಲಸ ಸಾಗದಿದ್ದರೆ ಅದು ಚೀನಾದ ಗುವಾಂಗ್‌ಷಿ ಕಲ್ಲೋ ವೇಲ್ಸ್ ಕಡೆಯ ಸ್ಲೇಟೋ ಇರಬಹುದು. ಅವೂ ಕೆಟ್ಟ ಕಲ್ಲುಗಳಲ್ಲ, ಆದರೆ ಆ ಬೆಲೆಯವಲ್ಲ. ಈ ಗುರುತುಗಳೆಲ್ಲ ಸರಿಹೋದರೂ ಸಾಕ್ಷಿ ಪೂರ್ತಿಯಾಗುವುದಿಲ್ಲ. ಕಲ್ಲು ಮಾಡುವ ಕೆಲಸಕ್ಕೆ ದುಡ್ಡು ಕೊಡಿ, ಹೆಸರಿಗೆ ಬೇಡ.

ಹಾರಂಗಿ ದಂಡೆ:

ಪರೀಕ್ಷೆಯ ಕ್ರಮ ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಕಲ್ಲಿಗಿಂತ ಮುಂಚೆ ಕತ್ತಿ. ಕುತ್ತಿಗೆ ಉರಿಗೆ ಬಹುಪಾಲು ಕಾರಣ 1000ದ ಹಂತದಲ್ಲೇ ಇರುತ್ತದೆ. ಬೆವೆಲ್‌ನ (ಬಾಯಿಯ ಪಕ್ಕದ ಮಸೆದ ಇಳಿಜಾರಿನ) ಎರಡು ಮುಖ ಬಾಯಿಯ ಉದ್ದಕ್ಕೂ ಕೂಡಿರದಿದ್ದರೆ ಮೇಲೆ ಯಾವ ಕಲ್ಲು ಹಾಕಿದರೂ ಮೊಂಡು ಅಂಚಿಗೆ ಹೊಳಪು ಕೊಟ್ಟಂತೆ. 1000 ಆದಮೇಲೆ ಕತ್ತಿಯ ಬಾಯನ್ನು ಮೇಲೆ ಮಾಡಿ ಬಲ್ಬಿನ ಕೆಳಗೆ ಹಿಡಿದು ಅಂಚನ್ನು ನೇರವಾಗಿ ನೋಡಿ. ಎಲ್ಲಿ ಬೆಳಕು ಮಿನುಗುತ್ತದೋ ಅಲ್ಲಿ ಅಂಚು ಇನ್ನೂ ಚಪ್ಪಟೆ. ಹಿಡಿಕೆ ಕಡೆಯಿಂದ ತುದಿಯವರೆಗೆ ಎಲ್ಲ ಕಡೆಯೂ ಮುಂಗೈ ಕೂದಲು ಒಂದೇ ಸಮ ಹೋಗಬೇಕು. ಅಷ್ಟಾಗದೆ ಮುಂದೆ ಹೋಗಬೇಡಿ.

ಕತ್ತಿಯ ಬೆನ್ನಿಗೆ ಟೇಪು ಹಾಕುವವರಾದರೆ ಮೊದಲಿಂದ ಕೊನೆಯವರೆಗೂ ಹಾಕಿ, ಇಲ್ಲವಾದರೆ ಎಲ್ಲೂ ಹಾಕಬೇಡಿ. ಲೆಕ್ಕ ನೋಡಿ: ಬೆನ್ನಿನ ದಪ್ಪ 4.5 ಮಿ.ಮೀ., ಬೆನ್ನಿಂದ ಬಾಯಿಗೆ 15.5 ಮಿ.ಮೀ. ಇದ್ದರೆ ಕೋನ ಸುಮಾರು 16.7 ಡಿಗ್ರಿ. 0.15 ಮಿ.ಮೀ. ದಪ್ಪದ ಟೇಪು ಒಂದು ಸುತ್ತು ಹಾಕಿದರೆ ಅದು 17.8ಕ್ಕೆ ಏರುತ್ತದೆ. ಒಂದು ಕಲ್ಲಿಗೆ ಟೇಪಿದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ನೀವು ಹೋಲಿಸುತ್ತಿರುವುದು ಕೋನಗಳನ್ನು, ಕಲ್ಲುಗಳನ್ನಲ್ಲ.

ಇನ್ನು ಕಲ್ಲು. ಮೇಲ್ಮೈ ಸಮ ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವೇ ಇಲ್ಲ. ಪೆನ್ಸಿಲಿನಲ್ಲಿ ಒಂದು ಸೆಂಟಿಮೀಟರಿಗೊಂದರಂತೆ ಅಡ್ಡ ಉದ್ದ ಗೆರೆ ಎಳೆಯಿರಿ. 8 ಮಿ.ಮೀ. ದಪ್ಪದ ಗಾಜಿನ ಮೇಲೆ ನೀರಲ್ಲಿ ಬಳಸುವ ಉಜ್ಜು ಕಾಗದ ಅಂಟಿಸಿ, 400ರಲ್ಲಿ ಗೆರೆ ಪೂರ್ತಿ ಹೋಗುವವರೆಗೆ ಉಜ್ಜಿ, ಆಮೇಲೆ 600, 1000. ಅಂಚುಗಳನ್ನು ಒಂದೆರಡು ಮಿ.ಮೀ. ಇಳಿಜಾರು ಮಾಡಿ, ಇಲ್ಲವಾದರೆ ಅಂಚಿಂದ ಚೂರು ಎದ್ದು ಬಾಯಿಗೆ ತಾಗುತ್ತದೆ. ಬ್ರಷ್ಷು ಹಾಕಿ ತೊಳೆಯಿರಿ. ಕಾಗದದಿಂದ ಉದುರಿದ ಒಂದೇ ಕಣ ಕಲ್ಲಿನಲ್ಲಿ ಸಿಕ್ಕಿಕೊಂಡರೂ ಒಳ್ಳೆ ಕಲ್ಲಿಗೆ ಕೆಟ್ಟ ಹೆಸರು ಬರುತ್ತದೆ. ಮಳೆಗಾಲದಲ್ಲಿ ನಲ್ಲಿ ನೀರು ಕೆಂಪಾಗಿ ಬರುವ ಕಡೆ ನೀರನ್ನು ಒಂದು ರಾತ್ರಿ ಇಟ್ಟು, ಮೇಲಿನದನ್ನು ಬಟ್ಟೆಯಲ್ಲಿ ಸೋಸಿ ಬಳಸಿ.

ಎರಡು ಕಲ್ಲಿಗೂ ಆರಂಭ ಒಂದೇ ಇರಬೇಕು, ಅಂದರೆ 8000ದಿಂದ ಆಗಷ್ಟೇ ಇಳಿದ ಬಾಯಿ. ಮೊದಲ ಕಲ್ಲಿನ ಪರೀಕ್ಷೆ ಮುಗಿದ ಮೇಲೆ ಕತ್ತಿಯನ್ನು 3000ಕ್ಕೆ ವಾಪಸು ಒಯ್ದು 40 ಎಳೆತ, 8000ದಲ್ಲಿ 40 ಎಳೆತ ಕೊಟ್ಟು ಎರಡನೆಯ ಕಲ್ಲಿಗೆ ಬನ್ನಿ. ಬರೀ ಮೇಲಿಂದ ಮೇಲೆ ಎಳೆದರೆ ಎರಡನೆಯ ಕಲ್ಲಿಗೆ ಮೊದಲನೆಯದರ ಪುಣ್ಯ ಸೇರುತ್ತದೆ.

ಕೋಟಿಕ್ಯೂಲಿಗೆ: ಅದೇ ಜಾತಿಯ ಸಣ್ಣ ಕಲ್ಲಿನಿಂದ ಉಜ್ಜಿ, ತೆಳು ಹಾಲಿನಷ್ಟು ಕೆಸರು ಎಬ್ಬಿಸಿ, 20 ಎಳೆತ. ಬೆರಳಲ್ಲಿ ಎರಡು ಹನಿ ನೀರು ಹಾಕಿ ಮತ್ತೆ 10. ಹೀಗೆ ಐದಾರು ಸಲ ತೆಳುವಾಗಿಸುತ್ತಾ ಬರೀ ನೀರಿಗೆ ಬನ್ನಿ. ಕಲ್ಲು, ಕತ್ತಿ ಎರಡನ್ನೂ ತೊಳೆದು, ಕತ್ತಿಯ ತೂಕ ಮಾತ್ರ ಬೀಳುವಂತೆ 40 ಎಳೆತ. ಕೆಸರಿನಲ್ಲೇ ನಿಲ್ಲಿಸಿದರೆ ಬಾಯಿ ಹರಿತವಾಗುವುದಿಲ್ಲ. ಸಡಿಲ ಗಾರ್ನೆಟ್ಟುಗಳು ಎದುರಿಗೆ ಬಂದು ಅಂಚಿಗೆ ಬಡಿಯುತ್ತವೆ, ಒಂದು ಕಡೆ ಚೂಪು ಮಾಡಿದ್ದನ್ನು ಇನ್ನೊಂದು ಕಡೆ ದುಂಡು ಮಾಡುತ್ತವೆ. ಸ್ಲೇಟಿಗೆ ಕೆಸರು ಇನ್ನೂ ಕಡಿಮೆ ಸಾಕು, ಕೊನೆಗೆ ಶುದ್ಧ ನೀರಲ್ಲಿ 50.

ಲೂಪ್ (ಸಣ್ಣ ಭೂತಗನ್ನಡಿ) 60 ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು, ಬೆಳಕು ಪಕ್ಕದಿಂದ ಬೀಳಲಿ. 8000ದ ಗೀರುಗಳು ಮಾಯವಾಗಿ ಒಂದೇ ಸಮನಾದ ಮಂಜು ಕವಿದಂತೆ ಕಂಡರೆ ಕಲ್ಲು ಕೆಲಸ ಮಾಡಿದೆ. ಕೋಟಿಕ್ಯೂಲಿನಲ್ಲಿ ಹೊಳಪು ಕಡಿಮೆಯಾಗುವುದು ಸಹಜ, ಅದನ್ನು ಹಿನ್ನಡೆ ಎಂದುಕೊಳ್ಳಬೇಡಿ. ನೋಡಬೇಕಾದದ್ದು ಒಂಟಿ ಆಳ ಗೀರು, ಅಂಚಿನ ಸಣ್ಣ ಹಲ್ಲುಗಳು.

ಪರೀಕ್ಷೆ ಮುಗಿಯುವವರೆಗೆ ಪಟ್ಟಿಗೆ ಹಸಿರು ಕ್ರೋಮಿಯಂ ಆಕ್ಸೈಡ್ ಪೇಸ್ಟು ಹಚ್ಚಲೇಬೇಡಿ. ಅದು ಕಲ್ಲು ಬಿಟ್ಟ ಬಾಯನ್ನು ಒರೆಸಿ ತನ್ನದೇ ಬಾಯಿ ಕೊಡುತ್ತದೆ. ಬರೀ ಚರ್ಮದಲ್ಲಿ 50, ಅಷ್ಟೇ. ನೇತಾಡುವ ಕೂದಲು ಕತ್ತರಿಸುವ ಪರೀಕ್ಷೆ ಹರಿತವನ್ನು ಹೇಳುತ್ತದೆ, ಮೃದುತ್ವವನ್ನು ಹೇಳುವುದಿಲ್ಲ. ನಿಮ್ಮ ತೊಂದರೆ ಮೃದುತ್ವದ್ದು. ಹಾಗಾಗಿ ಕೊನೆಯ ಮಾತು ಗಡ್ಡದ್ದೇ. ಒಂದೊಂದು ಕಲ್ಲಿಗೆ ಮೂರು ಕ್ಷೌರ, ಅದೇ ಸೋಪು, ನಡುವೆ ಅಷ್ಟೇ ದಿನದ ಅಂತರ. ಕುತ್ತಿಗೆಗೆ ನೀರು ಹಾಕಿದಾಗ ಉರಿ ಎಷ್ಟು, ಹತ್ತು ನಿಮಿಷದ ಮೇಲೆ ಎಷ್ಟು ಎಂದು ಬರೆದಿಡಿ.

ಭಾಗಮಂಡಲ ಬಂಡೆ:

ಹೊಳೆಕಲ್ಲಿನ ಪ್ರಶ್ನೆಗೆ ಉತ್ತರ: ಆಗುವುದಿಲ್ಲ. ಕೊಡಗಿನ ನೆಲ ಬಹುಪಾಲು ನೈಸ್ (gneiss) ಮತ್ತು ಚಾರ್ನೊಕೈಟ್ ಎಂಬ ಕಲ್ಲುಗಳದ್ದು, 300 ಕೋಟಿ ವರ್ಷಕ್ಕೂ ಹಳೆಯ ಬಂಡೆ. ಭೂಮಿಯ ಆಳದಲ್ಲಿ, ಭಾರೀ ಶಾಖದಲ್ಲಿ ಬೆಂದದ್ದರಿಂದ ಅದರ ಹರಳುಗಳು ಬೆಳೆದು ಮಿಲಿಮೀಟರ್ ಗಾತ್ರಕ್ಕೆ ಬಂದಿವೆ, ಬರಿಗಣ್ಣಿಗೇ ಕಾಣುತ್ತವೆ. ಸ್ಲೇಟು ಹಾಗಲ್ಲ. ಜೇಡಿ ಕಡಿಮೆ ಶಾಖದಲ್ಲಿ ಒತ್ತಿಕೊಂಡು ಗಟ್ಟಿಯಾದದ್ದು, ಕಣ ಬೆಳೆಯಲು ಅವಕಾಶವೇ ಸಿಕ್ಕಿಲ್ಲ. ಹೊಳೆಯಲ್ಲಿ ಉರುಳಿ ನಯವಾದ ಕಲ್ಲನ್ನು ಕೈಗೆ ತೆಗೆದುಕೊಂಡರೆ ನಾವು ಮುಟ್ಟುವುದು ಅದರ ಹೊರಮೈಯನ್ನು ಮಾತ್ರ. ಸಮತಟ್ಟು ಮಾಡಿದ ಕೂಡಲೇ ಒಳಗಿನ ಗಟ್ಟಿ ಕ್ವಾರ್ಟ್ಜ್, ಮೆತ್ತನೆಯ ಅಭ್ರಕ ಅಕ್ಕಪಕ್ಕ ಬಂದು ಒಂದು ಗೀರುತ್ತದೆ, ಇನ್ನೊಂದು ಗುಳಿಬೀಳುತ್ತದೆ. ಒಡಿಕತ್ತಿಗೆ ಅದೇ ಸರಿ. ಗಿಡ ಕಡಿಯುವ ಬಾಯಿಗೆ ಸಣ್ಣ ಹಲ್ಲಿದ್ದರೆ ಹಿಡಿತ ಸಿಗುತ್ತದೆ. ಚರ್ಮದ ಮೇಲೆ ಅದೇ ಹಲ್ಲು ಗಾಯ ಮಾಡುತ್ತದೆ.

ಮಳೆಯ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಒರೆಸಿಟ್ಟ ಕಾರ್ಬನ್ ಸ್ಟೀಲಿಗೂ ರಾತ್ರಿ ಬೆಳಗಾಗುವುದರೊಳಗೆ ಚುಕ್ಕೆ ತುಕ್ಕು ಬರುತ್ತದೆ. ಅದು ಅಂಚಿನಲ್ಲೇ ಬಂದರೆ ನಾಳೆಯ ಉರಿಗೆ ನೀವು ಕಲ್ಲನ್ನು ದೂರುತ್ತೀರಿ. ಮಸೆದ ಕೂಡಲೇ ಒಣಗಿಸಿ ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ. ತೆಂಗಿನೆಣ್ಣೆ ಬೇಡ. 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಹಳತಾದರೆ ಕನರು ಹಿಡಿದು ಪಟ್ಟಿಗೂ ಅಂಟುತ್ತದೆ. ಕತ್ತಿಯನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಪಟ್ಟಿ ಬೂಷ್ಟು ಹಿಡಿಯದಂತೆ ಗಾಳಿಯಾಡುವ ಕಡೆ ನೇತುಹಾಕಿ, ಒಲೆಯ ಮೇಲಲ್ಲ, ಚರ್ಮ ಸೆಟೆಯುತ್ತದೆ.

ಸಾಣೆಮನೆ:

ಒಂದು ಸೇರಿಸುತ್ತೇನೆ. ಎರಡೂ ಸರಿಹೋಗದಿದ್ದರೆ ಟ್ರಾನ್ಸ್‌ಲೂಸೆಂಟ್ ಅರ್ಕನ್ಸಾ (ಅಮೆರಿಕದ ಅರೆಪಾರದರ್ಶಕ ಕಲ್ಲು) ನೋಡಿ. ಬಹುತೇಕ ಶುದ್ಧ ಸೂಕ್ಷ್ಮ ಕ್ವಾರ್ಟ್ಜ್, ನೀರು ಹೀರುವುದಿಲ್ಲ, ನಮ್ಮ ಥಂಡಿಗೆ ಜಗ್ಗುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲೇ ಪರೀಕ್ಷಿಸಬಹುದು: ಒಣ ತೂಕ 520 ಗ್ರಾಂ ಇದ್ದು, ದಾರದಲ್ಲಿ ಕಟ್ಟಿ ನೀರಲ್ಲಿ ಇಳಿಬಿಟ್ಟಾಗ 320ಕ್ಕೆ ಇಳಿದರೆ, 520ನ್ನು 200ರಿಂದ ಭಾಗಿಸಿ, ಸಾಂದ್ರತೆ 2.60. ಕ್ವಾರ್ಟ್ಜ್‌ನ 2.65ಕ್ಕೆ ಹತ್ತಿರವಾದಷ್ಟೂ ಒಳಗೆ ತೂತು ಕಡಿಮೆ, ಕಲ್ಲು ನಯ. ಆದರೆ ತಾಳ್ಮೆ ಬೇಕು, 100ರಿಂದ 200 ಎಳೆತ.

ಕಕ್ಕಬ್ಬೆ ಮಳೆ:

ಎಲ್ಲರಿಗೂ ವಂದನೆ. ಹೇಳಿದಂತೆ ಮಾಡಿದೆ. 1000ದಲ್ಲಿ ತುದಿಯ ಕಡೆ ಮಿನುಗು ಇತ್ತು, ಸರಿಮಾಡಿದೆ, ಅರ್ಧ ಉರಿ ಅಲ್ಲೇ ಹೋಯಿತು. ಬೂದು ಕಲ್ಲಿನ ಕೆಸರು ತಿಳಿಬಿಳುಪು, ಮೊಳೆ ಗೀಚುತ್ತದೆ. ಬಾಯಿ ತುಂಬ ಹರಿತ. ಆದರೆ ಲೂಪಿನಲ್ಲಿ ಹಿಡಿಕೆಯಿಂದ ಎರಡು ಸೆಂ.ಮೀ. ದೂರದಲ್ಲಿ ಒಂದು ಆಳ ಗೀರು ಪ್ರತಿ ಸಲ ಕಾಣುತ್ತದೆ. ಕೋಟಿಕ್ಯೂಲ್ ಮೃದು, ಆದರೆ ಬರೀ ನೀರಲ್ಲೇ 15 ಎಳೆತಕ್ಕೆ ನೀರು ಹಾಲಾಗುತ್ತದೆ. ಇದು ದೋಷವೇ?

ಹಾರಂಗಿ ದಂಡೆ:

ಅಣ್ಣ, ಗೀರಿನ ಮೂಲ ಹಿಡಿಯಲು ಸ್ಲೇಟನ್ನು ಹಿಂದುಮುಂದು ತಿರುಗಿಸಿ ಇಟ್ಟು ಮತ್ತೆ 30 ಎಳೆಯಿರಿ. ಗೀರು ಕತ್ತಿಯ ಮೇಲೆ ಜಾಗ ಬದಲಿಸಿದರೆ ಕಲ್ಲಿನೊಳಗೆ ಗಟ್ಟಿ ಕಣವಿದೆ. ಅಲ್ಲೇ ಉಳಿದರೆ ಅದು 1000ದಿಂದ ಉಳಿದುಕೊಂಡ ಗೀರು, 3000ದಲ್ಲಿ ಇನ್ನಷ್ಟು ಹೊತ್ತು ಕೊಡಿ. ಕಣವೇ ಆದರೆ ಕಲ್ಲನ್ನು ಒದ್ದೆ ಮಾಡಿ, ಉಗುರು ಮೆಲ್ಲಗೆ ಆಡಿಸಿ ಜಾಗ ಹುಡುಕಿ, ಗಟ್ಟಿ ಸೂಜಿಯಿಂದ ಅದರ ಸುತ್ತ ಸ್ಲೇಟು ಕೆರೆದು ಕಿತ್ತುಹಾಕಿ, ಮತ್ತೆ 1000ದ ಕಾಗದದಲ್ಲಿ ಸಮಮಾಡಿ. ಸಣ್ಣ ಗುಳಿಯಿಂದ ತೊಂದರೆ ಇಲ್ಲ. ಆದರೆ ಕಲ್ಲು ಇನ್ನೂ ನಿಮ್ಮದಾಗಿಲ್ಲ, ಮಾರುವವರನ್ನು ಕೇಳದೆ ಸೂಜಿ ಹಾಕಬೇಡಿ. ಎರಡು ಮೂರು ಕಡೆ ಕಣ ಸಿಕ್ಕರೆ, ಅಥವಾ ಕಣಗಳು ಗೆರೆಯಾಗಿ ಒಳಗಿಳಿದಿದ್ದರೆ, ವಾಪಸು ಕೊಟ್ಟುಬಿಡಿ. ಅಂಥದ್ದು ಸವೆದಷ್ಟೂ ಹೊಸದಾಗಿ ಮೇಲೆ ಬರುತ್ತಿರುತ್ತದೆ.

ಕೋಟಿಕ್ಯೂಲ್ ತಾನಾಗಿ ಹಾಲು ಬಿಡುವುದು ದೋಷವಲ್ಲ, ಆ ತುಂಡಿನ ಗುಣ. ಹರಳು ಹಿಡಿದಿರುವ ಅಂಟು ಮೆತ್ತಗಿದೆ. ಬೇಗ ಕೊರೆಯುತ್ತದೆ, ಕೊನೆಯ ಹದ ಮಾತ್ರ ಕಷ್ಟ. ಕೊನೆಯ 30 ಎಳೆತ ನಲ್ಲಿಯ ಸಣ್ಣ ಧಾರೆಯ ಕೆಳಗೆ ಮಾಡಿ, ಎದ್ದ ಕಣ ಹಾಗೇ ತೊಳೆದುಹೋಗುತ್ತದೆ. ನೀರು ಕೆಂಪಾಗಿದ್ದ ದಿನ ಸೋಸಿದ ನೀರನ್ನು ಚೊಂಬಿನಿಂದ ಹುಯ್ಯುತ್ತಾ ಮಾಡಿ. ಇಲ್ಲವೇ ಕ್ಷೌರದ ಸೋಪಿನ ತೆಳು ನೊರೆ ಹಾಕಿ ಎಳೆಯಿರಿ, ಕತ್ತಿ ಜಾರುತ್ತದೆ, ಕಣ ಏಳುವುದು ಕಡಿಮೆಯಾಗುತ್ತದೆ. ಹೀಗೆ ಮಾಡಿದ ಮೇಲೆ ಇನ್ನೂ ಎರಡು ಕ್ಷೌರ ನೋಡಿ. ಕುತ್ತಿಗೆ ಸುಮ್ಮನಿದ್ದರೆ ಸ್ಲೇಟು ಎಷ್ಟೇ ಹರಿತ ಕೊಟ್ಟಿದ್ದರೂ ಕೋಟಿಕ್ಯೂಲ್ ಇಟ್ಟುಕೊಳ್ಳಿ. ಕೆಳಗಿನ ನೀಲಿ ಪದರಕ್ಕೆ ಅಂಟಿದ ಗೆರೆಯನ್ನು ಸುತ್ತಲೂ ಒಮ್ಮೆ ಉಗುರಿನಿಂದ ಪರೀಕ್ಷಿಸಿ. ಅಲ್ಲಿ ಬಿರುಕಿದ್ದರೆ ತಿಂಗಳು ಮುಗಿಯುವುದರೊಳಗೆ ಹೇಳಬೇಕು.