ಪದಚರ್ಚೆ: ಎಚ್‌ಐವಿ ವಿಷಯದಲ್ಲಿ ‘ಬಹಿರಂಗಪಡಿಸು’ ಸರಿಯೇ?

ಗೆಳೆಯರೇ,

ಎಚ್‌ಐವಿ ಪರೀಕ್ಷೆಗೆ ಬರುವ ಹೆಂಗಸರಿಗೆ ಕೊಡುವ ಕರಪತ್ರವೊಂದನ್ನು ಬರೆಯುತ್ತಿದ್ದೇನೆ. ತನಗೆ ಸೋಂಕಿದೆ ಎಂದು ಸಂಗಾತಿಗೆ ಹೇಳುವುದಕ್ಕೆ ಡಿಸ್‌ಕ್ಲೋಷರ್ ಅನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ‘ಸ್ಥಿತಿಯನ್ನು ಬಹಿರಂಗಪಡಿಸುವುದು’ ಎಂದು ಬರೆಯುವ ರೂಢಿ ಇದೆ. ನನಗೆ ಇದು ಒಗ್ಗುತ್ತಿಲ್ಲ. ಬಹಿರಂಗ ಸಭೆ, ಬಹಿರಂಗ ಹರಾಜು ಎಂದೆಲ್ಲ ಕೇಳಿದ ಕಿವಿಗೆ ಬಹಿರಂಗ ಅಂದರೆ ಊರಿಗೆಲ್ಲ ಗೊತ್ತಾಗುವುದು. ಒಬ್ಬರಿಗೆ ಮಾತ್ರ ನಂಬಿ ಹೇಳುವ ಮಾತಿಗೆ ಆ ಪದ ಯಾಕೆ? ಓದಿದವಳು ಹೆದರಿ ಕರಪತ್ರವನ್ನೇ ಮಡಚಿಡಬಹುದು.

ಹೆದರಿಕೆ ಸುಮ್ನೆ ಬಂದಿದ್ದಲ್ಲ. ಬಸುರಿಯರಿಗೆ ಎಚ್‌ಐವಿ ಪರೀಕ್ಷೆ ಮಾಡುವುದರಿಂದ ಎಷ್ಟೋ ಮನೆಗಳಲ್ಲಿ ಸೋಂಕು ಮೊದಲು ಗೊತ್ತಾಗುವುದು ಹೆಂಡತಿಗೆ. ಅದು ಗಂಡನಿಂದ ಬಂದಿದ್ದರೂ ‘ಇವಳೇ ತಂದಳು’ ಅನ್ನುವ ಮಾತು ಬರುತ್ತದೆ. ಹೊಡೆತ ಬೀಳುತ್ತದೆ, ತವರಿಗೆ ಅಟ್ಟುತ್ತಾರೆ. ಹೇಳದೆ ಇದ್ದರೂ ನೆಮ್ಮದಿ ಇಲ್ಲ. ಮಾತ್ರೆ ಡಬ್ಬಿಯ ಚೀಟಿ ಕಿತ್ತು ಹಾಕಬೇಕು, ಮಾತ್ರೆಗಳನ್ನು ಸಾಸಿವೆ ಡಬ್ಬಿಯಲ್ಲಿ ಬಚ್ಚಿಡಬೇಕು. ಮನೆ ತುಂಬ ಜನ ಇದ್ದ ದಿನ ಆ ಹೊತ್ತಿನ ಮಾತ್ರೆ ತಪ್ಪಿಯೇ ಹೋಗುತ್ತದೆ. ಇನ್ನು ಮೊದಲಿಂದಲೂ ಹೊಡೆಯುವ ಗಂಡನಿಗೆ ಕಾಂಡೋಮ್ ಹಾಕು ಎಂದು ಹೇಳುವುದಾದರೂ ಹೇಗೆ? ಹಿಂಸೆಯಿಂದ ಸೋಂಕಿನ ಅಪಾಯ, ಸೋಂಕಿನ ಸುದ್ದಿಯಿಂದ ಮತ್ತೆ ಹಿಂಸೆ.

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಅದರ 9ನೇ ಸೆಕ್ಷನ್ ಈ ಭಯವನ್ನು ಗುರುತಿಸಿದೆ. ಸಂಗಾತಿಗೆ ಸೋಂಕು ತಗಲುವ ಅಪಾಯ ಜಾಸ್ತಿ ಇದ್ದು, ತಿಳಿಹೇಳಿದ ಮೇಲೂ ರೋಗಿ ತಾನಾಗಿ ಹೇಳುವುದಿಲ್ಲ ಎಂದು ಖಚಿತವಾದರೆ, ವೈದ್ಯರು ಅಥವಾ ಆಪ್ತಸಮಾಲೋಚಕರು ಆ ರೋಗಿಗೆ ಮೊದಲೇ ಹೇಳಿ, ನಂತರ ಸಂಗಾತಿಗೆ ತಿಳಿಸಬಹುದು. ಆದರೆ ರೋಗಿ ಹೆಂಗಸಾಗಿದ್ದು, ತಿಳಿಸಿದರೆ ಅವಳಿಗೆ ಹಿಂಸೆ ಆಗಬಹುದು, ಅವಳನ್ನು ಕೈಬಿಡಬಹುದು ಎಂಬ ಭಯಕ್ಕೆ ಕಾರಣ ಇದ್ದರೆ ತಿಳಿಸುವಂತಿಲ್ಲ. ಇದು ಪ್ರತಿ ಹೆಂಗಸಿಗೂ ಗೊತ್ತಿರಬೇಕಾದ ಮಾತು. ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿಸುತ್ತೇನೆ.

ಈಗ ಪದಕ್ಕೆ ಬರೋಣ. ಇಲ್ಲಿ ಮೂರು ಬೇರೆ ಕೆಲಸಗಳಿವೆ, ‘ಬಹಿರಂಗಪಡಿಸು’ ಮೂರನ್ನೂ ಒಂದೇ ಮೂಟೆಗೆ ತುಂಬುತ್ತದೆ. ಅವಳೇ ಹೇಳುವುದಕ್ಕೆ ‘ಹೇಳಿಕೊಳ್ಳು’ ಸಾಕು ಅನ್ನಿಸುತ್ತದೆ. ಕಷ್ಟ ಹೇಳಿಕೊಂಡಳು ಅನ್ನುತ್ತೇವಲ್ವಾ? ಆ ‘ಕೊಳ್ಳು’ವಿನಲ್ಲಿ ಅವಳ ಇಷ್ಟವೂ ಇದೆ, ಕೇಳುವವರ ಮೇಲಿನ ನಂಬಿಕೆಯೂ ಇದೆ. ವೈದ್ಯರದ್ದು ‘ತಿಳಿಸು’. ಅವಳ ಒಪ್ಪಿಗೆ ಇಲ್ಲದೆ ಬಾಯಿಂದ ಬಾಯಿಗೆ ಹೋದರೆ ‘ಬಯಲಾಗು’. ‘ಗುಟ್ಟು ರಟ್ಟಾಯಿತು’ ಬೇಡ, ಅವಳೇನೋ ತಪ್ಪು ಮುಚ್ಚಿಟ್ಟಂತೆ ಕೇಳಿಸುತ್ತದೆ. ‘ಒಪ್ಪಿಕೊಳ್ಳು’ ಅಂತೂ ಬೇಡವೇ ಬೇಡ. ತೊಡಕು ಇರುವುದು ತಲೆಬರಹದಲ್ಲಿ. ‘ಹೇಳಿಕೊಳ್ಳುವಿಕೆ’ ನಾಲಿಗೆಗೆ ಭಾರ. ನಿಮಗೆ ಬೇರೆ ಏನಾದರೂ ಹೊಳೆಯುತ್ತದಾ?

ಇನ್ನೊಂದು, ಈ ಹಿಂಸೆಗೆ ಯಾವ ಪದ ಬಳಸಬೇಕು ಎಂಬುದು. ‘ಕೌಟುಂಬಿಕ ದೌರ್ಜನ್ಯ’ 2005ರ ಕಾಯ್ದೆಯಿಂದ ಜನರಿಗೆ ಪರಿಚಯವಾದ ಮಾತು. ಆದರೆ ಅದು ಮನೆ, ಗಂಡ, ಅತ್ತೆಯನ್ನೇ ನೆನಪಿಸುತ್ತದೆ. ಬಾಗಲಕೋಟೆ ಜಿಲ್ಲೆಯಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ‘ಸಂವೇದನಾ ಪ್ಲಸ್’ ಎಂಬ ಕಾರ್ಯಕ್ರಮ ನಡೆಸಿತ್ತು. ಅಲ್ಲಿ ಮಾತು ಇದ್ದದ್ದು ಲೈಂಗಿಕ ಕಾರ್ಯಕರ್ತೆಯರು ಮತ್ತು ಅವರ ಕಾಯಂ ಸಂಗಾತಿಗಳ ನಡುವಿನ ಹಿಂಸೆಯ ಬಗ್ಗೆ. ಅವರಿಗೂ ಈ ಕರಪತ್ರ ತಲುಪಬೇಕು. ‘ಸಂಗಾತಿ ಹಿಂಸೆ’ ಎಂದರೆ ಹೊಡೆಯುವವನು ಸಂಗಾತಿಯೋ, ಹೊಡೆಸಿಕೊಳ್ಳುವವನೋ ಎಂಬ ಗೊಂದಲ. ‘ಸಂಗಾತಿಯ ಕೈಯಿಂದ ಹಿಂಸೆ’ ಹೇಗಿದೆ? ಬೈಗುಳ, ದುಡ್ಡು ಕಿತ್ತುಕೊಳ್ಳುವುದು ಇದರಲ್ಲಿ ಬಿಟ್ಟುಹೋಗುತ್ತವೆಯೇ? ಉತ್ತರ ಕರ್ನಾಟಕದವರು ಮುಖ್ಯವಾಗಿ ಹೇಳಬೇಕು.

ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಸಂಗಾತಿಗೆ ಹೇಳಿಕೊಂಡರೆ ಹೊಡೆಯಬಹುದು, ಬಿಟ್ಟುಹೋಗಬಹುದು ಅನ್ನುವ ಭಯ ಇದೆಯೇ? ಮೊದಲು ಆ ಭಯವನ್ನು ಆಪ್ತಸಮಾಲೋಚಕರಿಗೆ ಹೇಳಿ. ಭಯಕ್ಕೆ ಕಾರಣ ಇದ್ದರೆ ಅವರು ನಿಮ್ಮ ಸಂಗಾತಿಗೆ ತಿಳಿಸುವಂತಿಲ್ಲ.’ ಇದರಲ್ಲಿ ಎಲ್ಲಿ ಎಡವಿದಂತೆ ಅನ್ನಿಸಿದರೂ ತಿದ್ದಿ ಕಳಿಸಿ.