ಲೇಸರ್ ಅಳತೆ ನಂಬಿ ಯುಪಿವಿಸಿ ಕಿಟಕಿ ಆರ್ಡರ್ ಕೊಡಬಹುದೇ? ಮರದ ಕೆಲಸದವರಿಗೆ ಏನೇನು ಬದಲಾಗುತ್ತದೆ?

ಬಡಗಿ_ತೀರ್ಥಹಳ್ಳಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಮರದ ಚೌಕಟ್ಟು, ಬಾಗಿಲಿನ ಕೆಲಸ. ಈಗ ಮನೆ ಕಟ್ಟಿಸುವವರು ಕಿಟಕಿಗೆ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಇಲ್ಲವೇ ಅಲ್ಯೂಮಿನಿಯಂ ಕೇಳುತ್ತಾರೆ, ಮರ ಮುಂಬಾಗಿಲಿಗೆ ಮಾತ್ರ. ಮರದಲ್ಲಾದರೆ ಚೌಕಟ್ಟು ಮೊದಲು ನಿಲ್ಲಿಸಿ, ಹೋಲ್ಡ್‌ಫಾಸ್ಟ್ (ಗೋಡೆಗೆ ಹಿಡಿಸುವ ಕಬ್ಬಿಣದ ಪಟ್ಟಿ) ಹೊಡೆದು, ಅದರ ಸುತ್ತ ಗೋಡೆ ಏರಿಸುತ್ತಾರೆ. ಗಾರೆಯವರು ಅರ್ಧ ಇಂಚು ಆಚೀಚೆ ಮಾಡಿದರೂ ಪ್ಲಾಸ್ಟರಿಂಗ್‌ನಲ್ಲಿ ಮುಚ್ಚಿಹೋಗುತ್ತದೆ. ಯುಪಿವಿಸಿಯಲ್ಲಿ ಪ್ಲಾಸ್ಟರಿಂಗ್ ಮುಗಿದ ಮೇಲೆ ಅಳತೆ. ಕಿಟಕಿ ಕಾರ್ಖಾನೆಯಿಂದಲೇ ಸಿದ್ಧವಾಗಿ ಬರುತ್ತದೆ, ಸೈಟಿನಲ್ಲಿ ಕೀಸುಳಿ ಹಾಕಿ ಸರಿಮಾಡಲು ಆಗುವುದಿಲ್ಲ.

ಈಗ ಹಿಡಿದಿರುವುದು ಎರಡಂತಸ್ತಿನ ಮನೆ. 14 ಕಿಟಕಿ, 8 ಅಡಿ ಅಗಲ 7 ಅಡಿ ಎತ್ತರದ ಒಂದು ಸ್ಲೈಡಿಂಗ್ ಬಾಗಿಲು. ಕೆಳಗೆ ಕೆಂಪುಕಲ್ಲಿನ ಗೋಡೆ, ಮೇಲೆ ಎಎಸಿ ಬ್ಲಾಕ್ (ಹಗುರ ಸಿಮೆಂಟ್ ಇಟ್ಟಿಗೆ). ಲೇಸರ್ ಮೀಟರಿನ ಅಳತೆಯನ್ನೇ ನೇರ ಕಳಿಸಬಹುದೇ? ಗೋಡೆ ಮೇಲೆ ಮಟ್ಟದ ಗೆರೆ ಬಿಡುವ ಲೇಸರ್ ಲೆವೆಲ್ ಬೇಕೇಬೇಕೇ, ತೂಗುಗುಂಡು ಸಾಲದೇ? ಚೌಕಟ್ಟು, ಗೋಡೆ ನಡುವಿನ ಸಂದಿಗೆ ಫೋಮ್ (ಉಬ್ಬಿ ಗಟ್ಟಿಯಾಗುವ ನೊರೆ) ತುಂಬಿದರೆ ಸಾಕು, ಫಾಸ್ಟನರ್ (ಗೋಡೆಗೆ ಬಿಗಿಯುವ ಸ್ಕ್ರೂ) ಎರಡೋ ಮೂರೋ ಹಾಕಿ ಎನ್ನುತ್ತಾರೆ, ಸರಿಯೇ? ಮುಂಬಾಗಿಲಿಗೆ ಸ್ಮಾರ್ಟ್ ಲಾಕ್ ಬೇಕಂತೆ, ಅದಕ್ಕೆ ಏನು ನೋಡಿಕೊಳ್ಳಬೇಕು?

ಪ್ರೊಫೈಲ್_ಕಟಿಂಗ್_ಹುಬ್ಬಳ್ಳಿ:

ಅಳತೆಯ ಬಗ್ಗೆ ಹೇಳುತ್ತೇನೆ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಸಾಮಾನ್ಯ ಲೇಸರ್ ಮೀಟರ್ 2 ಮಿ.ಮೀ. ಒಳಗಿನ ವ್ಯತ್ಯಾಸದಲ್ಲಿ ಅಳೆಯುತ್ತದೆ. ಯಂತ್ರ ತಪ್ಪುವುದು ಕಡಿಮೆ, ಇಡುವ ಕೈ ತಪ್ಪುತ್ತದೆ. 1500 ಮಿ.ಮೀ. ಅಗಲಕ್ಕೆ ಕಿರಣದ ಚುಕ್ಕೆ ಎದುರು ಗೋಡೆಯಲ್ಲಿ 80 ಮಿ.ಮೀ. ಮೇಲೆ ಬಿದ್ದರೆ ಅಳತೆ 2 ಮಿ.ಮೀ. ಜಾಸ್ತಿ ಬರುತ್ತದೆ. ಮೀಟರಿನ ಹಿಂಬದಿಯಲ್ಲಿ ಎಂ-ಸ್ಯಾಂಡ್ ಕಾಳೊಂದು ಸಿಕ್ಕಿದರೆ ಇನ್ನಷ್ಟು ಹೋಯಿತು. ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ. ಮೀಟರ್ ಮುಂತುದಿಯಿಂದ ಅಳೆಯಬೇಕೋ ಹಿಂತುದಿಯಿಂದ ಅಳೆಯಬೇಕೋ ಎಂದು ಬದಲಿಸುವ ಬಟನ್ ಇರುತ್ತದೆ. ಅದು ಗೊತ್ತಿಲ್ಲದೆ ಒತ್ತಿಹೋಗಿದ್ದರೆ ಮೀಟರಿನ ಉದ್ದದಷ್ಟೇ ಅಳತೆ ತಪ್ಪುತ್ತದೆ. ಬೆಳಗ್ಗೆ ಮೊದಲ ಕಿಟಕಿಯನ್ನು ಸ್ಟೀಲ್ ಟೇಪಿನಲ್ಲೂ ಹಿಡಿದು ತಾಳೆ ನೋಡಿ, ಆಮೇಲೆ ಮುಂದಿನದು. ಫೋನ್ ಕ್ಯಾಮೆರಾದ ಅಳತೆ ಕೊಟೇಶನ್‌ಗೆ ಮಾತ್ರ, ಆರ್ಡರಿಗೆ ಬೇಡವೇ ಬೇಡ.

ಅಗಲ ಮೂರು ಕಡೆ, ಎತ್ತರ ಮೂರು ಕಡೆ, ಕರ್ಣ ಎರಡೂ. ಇದ್ದುದರಲ್ಲಿ ಚಿಕ್ಕ ಅಳತೆ ಹಿಡಿಯಿರಿ. ಕರ್ಣಗಳ ನಡುವೆ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಆರ್ಡರ್ ನಿಲ್ಲಿಸಿ ಗಾರೆಯವರಿಂದ ಮೂಲೆ ಸರಿಮಾಡಿಸಿ. ಕಾರ್ಖಾನೆ ಚೌಕಟ್ಟು ಚಚ್ಚೌಕವಾಗಿಯೇ ಬರುತ್ತದೆ, ವಕ್ರ ಕಿಂಡಿಗೆ (ಗೋಡೆಯಲ್ಲಿ ಕಿಟಕಿಗೆ ಬಿಟ್ಟ ಜಾಗ) ಅದನ್ನು ಬಗ್ಗಿಸಿದರೆ ಶಟರ್ (ತೆರೆದು ಮುಚ್ಚುವ ಭಾಗ) ಮುಚ್ಚುವುದಿಲ್ಲ.

ಸಂದಿ ಎಷ್ಟು ಬಿಡಬೇಕು? ಯುಪಿವಿಸಿ ಒಂದು ಮೀಟರಿಗೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.08 ಮಿ.ಮೀ. ಹಿಗ್ಗುತ್ತದೆ. ನಿಮ್ಮ 2.4 ಮೀಟರ್ ಬಾಗಿಲು 30 ಡಿಗ್ರಿ ಏರಿಳಿತಕ್ಕೆ 6 ಮಿ.ಮೀ. ಹತ್ತಿರ ಹಿಗ್ಗೀತು. ಅದಕ್ಕೇ 1.5 ಮೀಟರಿನೊಳಗಿನ ಕಿಟಕಿಗೆ ಪ್ರತಿ ಬದಿ 5 ಮಿ.ಮೀ., ಈ ಬಾಗಿಲಿಗೆ ಪ್ರತಿ ಬದಿ 8 ಮಿ.ಮೀ. ಕಂದು ಅಥವಾ ಕಪ್ಪು ಲ್ಯಾಮಿನೇಟ್ ಇದ್ದರೆ ಬಿಸಿಲಿಗೆ ಇನ್ನೂ ಕಾಯುತ್ತದೆ, ಸಂದಿ ಸ್ವಲ್ಪ ಹೆಚ್ಚಿಸಿ. ಅಲ್ಯೂಮಿನಿಯಂ ಹಿಗ್ಗುವುದು ಇದರ ಮೂರನೇ ಒಂದು ಭಾಗದಷ್ಟೇ.

ಆರ್ಡರ್ ಚೀಟಿಯಲ್ಲಿ ಅಗಲ ಮೊದಲು, ಎತ್ತರ ಆಮೇಲೆ, ಎಲ್ಲ ಮಿ.ಮೀ.ಯಲ್ಲಿ. "ಒಳಗಿನಿಂದ ನೋಡಿದಂತೆ" ಎಂದು ಬರೆಯದಿದ್ದರೆ ಎಡ ಬಲ ತಿರುಗಾಮುರುಗಾ ಆಗುತ್ತದೆ. ಕೊಟ್ಟಿರುವುದು ಕಿಂಡಿಯ ಅಳತೆಯೋ ಚೌಕಟ್ಟಿನ ಹೊರ ಅಳತೆಯೋ ಎಂಬುದನ್ನೂ ಬರೆಯಿರಿ. ನೀವು 10 ಮಿ.ಮೀ. ಕಳೆದು, ಕಾರ್ಖಾನೆಯವರೂ 10 ಕಳೆದರೆ ಕಿಟಕಿ ಸಡಿಲ. ಮೂಲೆ ಕೂಡಿಸುವ ವೆಲ್ಡಿಂಗ್‌ನಲ್ಲಿ ಪ್ರತಿ ತುದಿ ಸುಮಾರು 3 ಮಿ.ಮೀ. ಕರಗುತ್ತದೆ, ಅದನ್ನು ಕಟಿಂಗ್ ಸಾಫ್ಟ್‌ವೇರ್ ತಾನೇ ಸೇರಿಸುತ್ತದೆ, ನೀವು ಸೇರಿಸಬೇಡಿ. ಟಫನ್ಡ್ ಗಾಜನ್ನು ಕಾಯಿಸಿ ಗಟ್ಟಿಮಾಡಿದ ಮೇಲೆ ಕತ್ತರಿಸಲು ಬರುವುದಿಲ್ಲ. ಹಾಗಾಗಿ ಇಲ್ಲಿ 5 ಮಿ.ಮೀ. ತಪ್ಪಿದರೆ ಇಡೀ ಗಾಜು ನಷ್ಟ.

ಕರಾವಳಿ_ಫಿಟ್ಟಿಂಗ್:

ಅಳತೆ ವಿಷಯ ಮೇಲಿನವರು ಸರಿಯಾಗಿ ಹೇಳಿದ್ದಾರೆ. ಒಂದೇ ಸೇರಿಸುತ್ತೇನೆ: ಟೈಲ್ಸ್ ಹಾಕುವ ಮೊದಲೇ ಅಳೆಯುವುದಾದರೆ ಮನೆಯೊಳಗೆಲ್ಲ ಮುಗಿದ ನೆಲದಿಂದ 1 ಮೀಟರ್ ಎತ್ತರಕ್ಕೆ ಒಂದು ಗೆರೆ ಹೊಡೆಯಿರಿ. ಲೇಸರ್ ಲೆವೆಲ್ ದುಡ್ಡು ದುಡಿಯುವುದು ಇಲ್ಲಿ. 14 ಕಿಟಕಿಯ ತಲೆ ಒಂದೇ ಸಾಲಿಗೆ ಬರಬೇಕಾದರೆ ನೀರಿನ ಪೈಪ್ ಹಿಡಿದು ಇಬ್ಬರು ಅರ್ಧ ದಿನ ಓಡಾಡಬೇಕು, ಲೇಸರಿನಲ್ಲಿ ಒಬ್ಬರೇ ಗೆರೆ ಹೊಡೆಯಬಹುದು. ಬೆಳಕಿನಲ್ಲಿ ಕೆಂಪಿಗಿಂತ ಹಸಿರು ಗೆರೆ ಚೆನ್ನಾಗಿ ಕಾಣುತ್ತದೆ.

ಆದರೆ ಲೆವೆಲ್ ಒಮ್ಮೆ ಕೆಳಗೆ ಬಿದ್ದಿದ್ದರೆ ನಂಬಬೇಡಿ. ಎದುರುಬದುರಿನ ಎರಡು ಗೋಡೆಗಳ ನಡುವೆ, ಒಂದರ ಪಕ್ಕದಲ್ಲೇ ಸ್ಟ್ಯಾಂಡ್ ಇಟ್ಟು ಎರಡರ ಮೇಲೂ ಗುರುತು ಮಾಡಿ. ಆಮೇಲೆ ಸ್ಟ್ಯಾಂಡನ್ನು ಇನ್ನೊಂದು ಗೋಡೆಯ ಪಕ್ಕಕ್ಕೆ ಒಯ್ದು, ಆ ಗೋಡೆಯ ಗುರುತಿಗೆ ಗೆರೆ ಕೂರಿಸಿ, ಮೊದಲ ಗೋಡೆಯ ಗುರುತಿಗೆ ಬರುತ್ತದೆಯೇ ನೋಡಿ. ಬರದಿದ್ದರೆ ರಿಪೇರಿಗೆ ಕೊಡಿ. ತೂಗುಗುಂಡು ಬಿಸಾಡಬೇಡಿ, ಗಾಳಿಯಿಲ್ಲದ ಕಡೆ ಅದು ಸುಳ್ಳು ಹೇಳುವುದಿಲ್ಲ.

ಫೋಮ್ ಕಿಟಕಿಯನ್ನು ಹಿಡಿಯುವುದಿಲ್ಲ, ಸಂದಿ ತುಂಬುತ್ತದೆ ಅಷ್ಟೆ. ಎರಡು ಫಾಸ್ಟನರ್ ಸಾಕು ಎನ್ನುವವರ ಮಾತು ಕೇಳಬೇಡಿ ಅಣ್ಣ, ಮಳೆಗಾಲದ ಗಾಳಿಗೆ ಚೌಕಟ್ಟು ಅಲುಗಾಡಿ ಸಂದಿ ಮುಚ್ಚುವ ಸಿಲಿಕೋನ್ ಬಿಟ್ಟುಕೊಳ್ಳುತ್ತದೆ. ಮೂಲೆಯಿಂದ 150 ಮಿ.ಮೀ. ದೂರದಲ್ಲಿ ಮೊದಲನೆಯದು, ಆಮೇಲೆ 600ಕ್ಕಿಂತ ಹೆಚ್ಚು ಅಂತರ ಬೇಡ. 1200 ಎತ್ತರದ ಬದಿಗೆ 150, 600, 1050ರಲ್ಲಿ ಮೂರು ಬೀಳುತ್ತವೆ. ಪ್ರತಿ ಫಾಸ್ಟನರ್ ಪಕ್ಕದಲ್ಲಿ ಪ್ಲಾಸ್ಟಿಕ್ ಪ್ಯಾಕರ್ (ಸಂದಿಗೆ ಕೊಡುವ ಒತ್ತು ತುಂಡು) ಇರಲೇಬೇಕು. ಇಲ್ಲದಿದ್ದರೆ ಬಿಗಿ ಮಾಡಿದಂತೆಲ್ಲ ಚೌಕಟ್ಟು ಗೋಡೆ ಕಡೆ ಬಾಗುತ್ತದೆ, ನಡುವಿನ ಅಗಲ ಹೆಚ್ಚಾಗಿ ಲಾಕ್ ಕೂರುವುದಿಲ್ಲ.

ನಿಮ್ಮ ಗೋಡೆಗಳು ಎರಡು ತರಹ, ಹುಷಾರು. ಎಎಸಿ ಬ್ಲಾಕಿಗೆ ಹಿಗ್ಗುವ ಕಬ್ಬಿಣದ ಫಾಸ್ಟನರ್ ಹಾಕಿದರೆ ಬ್ಲಾಕ್ ಒಡೆಯುತ್ತದೆ ಅಥವಾ ತೂತು ಅಗಲವಾಗಿ ಸುಮ್ಮನೆ ಸುತ್ತುತ್ತದೆ. ಹ್ಯಾಮರ್ ಬಂದ್ ಮಾಡಿ ಬರೀ ಡ್ರಿಲ್‌ನಲ್ಲಿ ತೂತು ಹಾಕಿ, ಉದ್ದದ ನೈಲಾನ್ ಫ್ರೇಮ್ ಪ್ಲಗ್ ಬಳಸಿ. ಕೆಂಪುಕಲ್ಲಿನಲ್ಲಿ ಒಳಗೆ ಪೊಳ್ಳು ಸಿಗುತ್ತದೆ. ಅಲ್ಲಿ ತೂತಿಗೆ ಜಾಲರಿ ತೋಳು ಹಾಕಿ ಕೆಮಿಕಲ್ ಆಂಕರ್ (ಅಂಟು ತುಂಬಿ ರಾಡ್ ಕೂರಿಸುವುದು) ಮಾಡಿದರೆ ಹಿಡಿತ ಬರುತ್ತದೆ. ತೂತಿನ ಧೂಳು ಊದಿ ತೆಗೆಯದಿದ್ದರೆ ಎರಡೂ ವ್ಯರ್ಥ.

ಫೋಮ್ ಹಾಕುವ ಮೊದಲು ಸಂದಿಗೆ ನೀರು ಚಿಮುಕಿಸಿ, ಅದು ತೇವಕ್ಕೆ ಗಟ್ಟಿಯಾಗುವ ವಸ್ತು. ಗನ್‌ನಲ್ಲಿ ಹಾಕುವ, ಕಡಿಮೆ ಉಬ್ಬುವ ಫೋಮ್ ತಂದು, ಸಂದಿಯ ಅರ್ಧಕ್ಕಿಂತ ತುಸು ಹೆಚ್ಚು ತುಂಬಿ ಬಿಡಿ. ಶಟರ್ ಮುಚ್ಚಿರಲಿ. ದೊಡ್ಡ ಚೌಕಟ್ಟಿಗೆ ನಡುವೆ ಅಡ್ಡಪಟ್ಟಿ ಒತ್ತುಕೊಟ್ಟಿರಲಿ. ಮರುದಿನ ಕತ್ತರಿಸಿ. ಬಿಸಿಲಿಗೆ ಬಿಟ್ಟರೆ ಫೋಮ್ ಹಳದಿಯಾಗಿ ಪುಡಿಯಾಗುತ್ತದೆ, ಆದ್ದರಿಂದ ಹೊರಗಡೆ ಬ್ಯಾಕರ್ ರಾಡ್ (ಮೆತ್ತನೆಯ ಫೋಮ್ ಹಗ್ಗ) ತುರುಕಿ, ಅದರ ಮೇಲೆ ನ್ಯೂಟ್ರಲ್ ಸಿಲಿಕೋನ್. ವಿನೆಗರ್ ವಾಸನೆ ಬರುವ ಸಿಲಿಕೋನ್ ಸಿಮೆಂಟಿಗೆ ಸರಿಯಾಗಿ ಅಂಟುವುದಿಲ್ಲ, ಮಾರ್ಬಲ್ ಇದ್ದರೆ ಕಲೆ ಬೀಳುತ್ತದೆ. ಸಿಲಿಕೋನ್ ಮೇಲೆ ಬಣ್ಣ ಹಿಡಿಯುವುದಿಲ್ಲ. ಆದ್ದರಿಂದ ಪೇಂಟರ್ ಮೊದಲು, ಸಿಲಿಕೋನ್ ಆಮೇಲೆ.

ಬಡಗಿ_ತೀರ್ಥಹಳ್ಳಿ:

ಇಬ್ಬರಿಗೂ ತುಂಬಾ ಉಪಕಾರವಾಯಿತು. ಸ್ಲೈಡಿಂಗ್ ಬಾಗಿಲಿನ ಕೆಳಪಟ್ಟಿಗೂ ಹೀಗೇ ತೂತು ಹೊಡೆಯಬಹುದೇ? ನಮ್ಮ ಕಡೆ ಮಳೆ ಗೋಡೆಗೇ ಹೊಡೆಯುತ್ತದೆ, ನೀರು ಒಳಗೆ ಬರುತ್ತದೆ ಎಂಬ ದೂರು ಹೆಚ್ಚು.

ಗಾಜು_ಹಾರ್ಡ್‌ವೇರ್_ಬೆಂಗಳೂರು:

ಕೆಳಪಟ್ಟಿಯ ಟ್ರ್ಯಾಕ್‌ನಲ್ಲಿ ಹೊಡೆಯುವ ಪ್ರತಿ ತೂತೂ ನೀರಿನ ದಾರಿ. ಸಾಧ್ಯವಾದರೆ ಕೆಳಗೆ ಪಟ್ಟಿಕೊಂಡಿ (ಲೋಹದ ಪಟ್ಟಿಯ ಕ್ಲಾಂಪ್) ಹಾಕಿ ಕೂರಿಸಿ. ಹೊಡೆಯಲೇಬೇಕಾದರೆ ತೂತಿನೊಳಗೆ ಮೊದಲು ಸಿಲಿಕೋನ್ ತುಂಬಿ, ಸ್ಕ್ರೂ ಬಿಗಿ ಮಾಡಿ, ತಲೆಯ ಮೇಲೂ ಮುಚ್ಚಿ.

ಈ ಬಾಗಿಲಿನ ತೂಕ ಲೆಕ್ಕ ಹಾಕಿ. ಗಾಜು ಒಂದು ಚದರ ಮೀಟರಿಗೆ, ಒಂದು ಮಿ.ಮೀ. ದಪ್ಪಕ್ಕೆ 2.5 ಕೆ.ಜಿ. 5-12-5ರ ಜೋಡಿ ಗಾಜಾದರೆ (5 ಮಿ.ಮೀ.ಯ ಎರಡು ಗಾಜು, ನಡುವೆ 12 ಮಿ.ಮೀ. ಖಾಲಿ) ಗಾಜಿನ ದಪ್ಪ ಒಟ್ಟು 10 ಮಿ.ಮೀ., ಅಂದರೆ ಚದರ ಮೀಟರಿಗೆ 25 ಕೆ.ಜಿ. ಒಂದು ಶಟರ್ 1.2 x 2.1 ಮೀಟರ್ ಎಂದರೆ ಗಾಜೇ 63 ಕೆ.ಜಿ., ಪ್ರೊಫೈಲ್ (ಚೌಕಟ್ಟಿನ ಪಟ್ಟಿ) ಬೇರೆ. ರೋಲರ್ ಆರ್ಡರ್ ಮಾಡುವಾಗ ಈ ತೂಕ ಹೇಳಿ ಕೇಳಿ. ಟ್ರ್ಯಾಕ್ ಕೆಳಗೆ ಪೊಳ್ಳು ಬಿಟ್ಟರೆ ನಡುವೆ ತಗ್ಗುತ್ತದೆ, ಆಗ ಎರಡು ಶಟರ್‌ಗಳೂ ನಡುವಿಗೇ ಜಾರಿಬರುತ್ತವೆ. ಕೆಳಗೆ 300 ಮಿ.ಮೀ.ಗೊಂದು ಪ್ಯಾಕರ್ ಕೊಟ್ಟು, ಉದ್ದದ ಪಟ್ಟಿ ಇಟ್ಟು ನೇರ ನೋಡಿ. ಗಾಜು ಎತ್ತುವ ಸಕ್ಷನ್ ಕಪ್ ಧೂಳಿನ ಮೇಲೆ ಹಿಡಿಯುವುದಿಲ್ಲ, ಪ್ರತಿ ಸಲ ಗಾಜು, ರಬ್ಬರ್ ಎರಡೂ ಒರೆಸಿ ಹಾಕಿ. 63 ಕೆ.ಜಿ. ಕಾಲ ಮೇಲೆ ಬಿದ್ದರೆ ಗತಿಯೇನು.

ನೀರು ಒಳಗೆ ಬರುವುದಕ್ಕೆ ಹೆಚ್ಚಿನ ಸಲ ಕಾರಣ ಹೊರಗಿನ ಡ್ರೈನ್ ಕಂಡಿಗಳಲ್ಲಿ ಸಿಮೆಂಟ್ ಅಥವಾ ಸಿಲಿಕೋನ್ ಕೂತಿರುವುದು. ಹೊರಗಿನ ಕಟ್ಟೆ ಹೊರಕ್ಕೆ ಇಳಿಜಾರಾಗಿರಲಿ, ಟೈಲ್ ಆ ಕಂಡಿಗಳಿಗಿಂತ ಕೆಳಗೇ ನಿಲ್ಲಲಿ. ಮನೆಯವರಿಗೆ ಒಪ್ಪಿಸುವ ಮುಂಚೆ ಟ್ರ್ಯಾಕ್‌ಗೆ ಒಂದು ಚೊಂಬು ನೀರು ಸುರಿದು, ಹೊರಗೆ ಕಂಡಿಯಿಂದ ಬೀಳುವುದನ್ನು ಅವರಿಗೇ ತೋರಿಸಿ.

ಸ್ಮಾರ್ಟ್ ಲಾಕ್ ನಿಮ್ಮ ಉಳಿಗೇ ಸೇರಿದ ಕೆಲಸ. ಬಾಗಿಲಿನ ದಪ್ಪ, ಅಂಚಿನಿಂದ ಹಿಡಿಯ ನಡುವಿನವರೆಗಿನ ದೂರ, ಎರಡನ್ನೂ ಲಾಕಿನ ಕಾಗದದ ಟೆಂಪ್ಲೇಟ್ ಜೊತೆ ಹೋಲಿಸಿಯೇ ತರಿಸಿ. ಮಳೆಗಾಲದಲ್ಲಿ ಮರ ಉಬ್ಬಿ ಚಿಲಕ ಉಜ್ಜಿದರೆ ಮೋಟರ್ ಒದ್ದಾಡಿ ಬ್ಯಾಟರಿ ಬೇಗ ಖಾಲಿ. ಜನ ಲಾಕನ್ನು ಬೈಯುತ್ತಾರೆ, ತಪ್ಪು ಬಾಗಿಲಿನದು. ಸುತ್ತ 3 ಮಿ.ಮೀ. ಸಂದಿ ಬಿಟ್ಟು, ಬಾಗಿಲಿನ ಮೇಲಂಚು ಕೆಳಂಚಿಗೂ ಪಾಲಿಶ್ ಹೊಡೆಯಿರಿ, ನೀರು ಕುಡಿಯುವುದು ಅಲ್ಲಿಂದಲೇ. ಪಾಲಿಶ್ ಮುಗಿದ ಮೇಲೆ ಲಾಕ್ ಕೂರಿಸಿ, ಮೊದಲು ಕೀಲಿಯಿಂದ ತಿರುಗಿಸಿ ನೋಡಿ. ಬಾಗಿಲನ್ನು ತಳ್ಳದೆ, ಎಳೆಯದೆ ಚಿಲಕ ಪೂರ್ತಿ ಹೊರಬರಬೇಕು. ಬರದಿದ್ದರೆ ಚೌಕಟ್ಟಿನ ಪ್ಲೇಟ್ ಸರಿಸಿ, ಆಮೇಲೆಯೇ ಬ್ಯಾಟರಿ ಹಾಕಿ.